ತಂಗಡಿ, ತಗಚೆ, ಆವರಿಕೆ: ಯಾವುದು ಯಾವುದು?

ಹೋದ ವಾರ ಸಕಲೇಶಪುರದ ಗೆಳೆಯರೊಬ್ಬರು ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದರು. ರಸ್ತೆ ಬದಿಯಲ್ಲಿ ಹಳದಿ ಹೂ ತುಂಬಿ ನಿಂತ ಪೊದೆ ನೋಡಿ ಹೆಸರು ಕೇಳಿದರು. ‘ತಂಗಡಿ’ ಅಂದೆ. ‘ಓ, ತಗಚೆ ತಾನೆ? ಮಳೆಗಾಲದಲ್ಲಿ ಎಳೆ ಸೊಪ್ಪಿನ ಪಲ್ಯ ಮಾಡ್ತೀವಲ್ಲ’ ಅಂದರು.

ತಗಚೆ ಬೇರೆ. ಆದರೂ ಅವರನ್ನು ದೂರುವಂತಿಲ್ಲ. ಹೆಸರುಗಳು ಕಿವಿಗೆ ಹತ್ತಿರ, ಹೂ ಎರಡರದ್ದೂ ಹಳದಿ, ಮೇಲಾಗಿ ಎರಡೂ ಸೆನ್ನಾ ಅನ್ನುವ ಒಂದೇ ಸಸ್ಯಕುಲದವೇ. ತಗಚೆ ಮಳೆಗೆ ಹುಟ್ಟಿ ಆಮೇಲೆ ಒಣಗಿಹೋಗುವ ಪುಟ್ಟ ಗಿಡ. ಎಲೆಯೊಂದಕ್ಕೆ ಸಾಮಾನ್ಯವಾಗಿ ಮೂರೇ ಜೊತೆ ಕಿರುಎಲೆ, ಕಾಯಿ ಕಡ್ಡಿಯಂತೆ ಸಪೂರ. ತಂಗಡಿ ವರ್ಷವಿಡೀ ನಿಲ್ಲುವ ಗಟ್ಟಿ ಪೊದೆ. ಕಿರುಎಲೆ 8ರಿಂದ 12 ಜೊತೆ. ಕಾಯಿ ಚಪ್ಪಟೆ, ಒಣಗಿದರೆ ಕಾಗದದ ಹಾಗೆ. ಹೂವಿನಲ್ಲಿ 10 ಕೇಸರ, ಅದರಲ್ಲಿ ಮೇಲಿನ ಮೂರು ಬರಡು.

ತಂಗಡಿಯಲ್ಲಿ ನಾನು ಮೊದಲು ಹುಡುಕುವ ಗುರುತೇ ಬೇರೆ. ಎಲೆಯ ತೊಟ್ಟು ರೆಂಬೆಗೆ ಸೇರುವಲ್ಲಿ ಎರಡು ಅಗಲವಾದ ಹಸಿರು ಕಿವಿಗಳಿರುತ್ತವೆ. ಇದರ ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟ. ಅದರ ಎರಡನೇ ಪದಕ್ಕೆ ಲ್ಯಾಟಿನ್‌ನಲ್ಲಿ ‘ಕಿವಿಯುಳ್ಳದ್ದು’ ಎಂದೇ ಅರ್ಥ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಕ್ಯಾಸಿಯಾ ಕುಲಕ್ಕೆ ಸೇರಿಸಿದ್ದ. ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಸಿಗುತ್ತದೆ, ಗಾಬರಿ ಬೇಡ.

ಇನ್ನು ಆವರಿಕೆ. ಅದೂ ಇದೇ ಗಿಡ. ತೆಲುಗಿನವರು ತಂಗೇಡು ಅನ್ನುತ್ತಾರೆ (ತೆಲಂಗಾಣದ ರಾಜ್ಯ ಹೂ ಇದೇ), ತಮಿಳರು ಆವಾರೈ. ಕನ್ನಡ ಮಾತ್ರ ಎರಡನ್ನೂ ಇಟ್ಟುಕೊಂಡಿದೆ. ಜೊತೆಗೆ ಹೊನ್ನು ಸೇರಿಸಿ ‘ಹೊನ್ನಾವರಿಕೆ’ ಅಂತಲೂ ಮಾಡಿಕೊಂಡಿದೆ, ಚೆಂದದ ಪದ ಅಲ್ವಾ? ಆದರೆ ನಮ್ಮೂರಲ್ಲಿ ಅದನ್ನು ಯಾರ ಬಾಯಲ್ಲೂ ಕೇಳಿಲ್ಲ. ಆವರಿಕೆ ಅನ್ನೋದನ್ನು ನಾನು ಮೊದಲು ಓದಿದ್ದು ಗ್ರಂಧಿಗೆ ಅಂಗಡಿಯ ಪೊಟ್ಟಣದ ಮೇಲೆ. ಅಜ್ಜಿಗೆ ಓದಿ ಹೇಳಿದರೆ, ‘ಅವರೆ ಹೂವನ್ನೂ ಪುಡಿ ಮಾಡಿ ಮಾರ್ತಾರಾ?’ ಅಂದರು. ಆ, ಅ ಒಂದು ದೀರ್ಘದ ಆಟ! ಅಜ್ಜಿಗೆ ಅದು ತಂಗಡಿಯೇ. ತೊಗಲು ಹದ ಮಾಡುವವರು ಅದರ ಚಕ್ಕೆ ಸುಲಿದು ಒಯ್ಯುತ್ತಿದ್ದರಂತೆ.

ಈಗ ನನ್ನ ಪ್ರಶ್ನೆ. ಕಡೂರು, ತರೀಕೆರೆ ಕಡೆಯವರು ಇದನ್ನು ತಂಗಡಿ ಅಂತೀರೋ, ತಂಗಟೆ ಅಂತೀರೋ? ಹೊನ್ನಾವರಿಕೆ ಅನ್ನೋದು ನಿಮ್ಮ ಮನೆಮಾತಿನಲ್ಲಿ ಇದೆಯಾ? ಇನ್ನೊಂದು: ತೊಟ್ಟಿನ ಬುಡದ ಆ ಕಿವಿಗೆ ನಿಮ್ಮ ಹಿರಿಯರು ಏನಾದರೂ ಹೆಸರಿಟ್ಟಿದ್ದರಾ? ನಾನು ಸದ್ಯಕ್ಕೆ ‘ಎಲೆಗಿವಿ’ ಅಂತ ಕರೆಯುತ್ತಿದ್ದೇನೆ. ಬಳಕೆಯ ಪದ ಸಿಕ್ಕರೆ ಇದನ್ನು ಬಿಟ್ಟುಬಿಡುತ್ತೇನೆ.