ಸಹಾಯ ಬೇಕು: ಧಾರವಾಡದಿಂದ ಪುಣೆಗೆ ಬರುತ್ತಿದ್ದೇವೆ, ಮಕ್ಕಳಿಗೆ ಯಾವ ಶಾಲೆ?

ಎಲ್ಲರಿಗೂ ನಮಸ್ಕಾರ. ಜೂನ್‌ಗಿಂತ ಮುಂಚೆ ಧಾರವಾಡದಿಂದ ಪುಣೆಗೆ ಬರುತ್ತಿದ್ದೇವೆ. ಯಜಮಾನರ ಆಫೀಸು ಹಿಂಜವಡಿಯಲ್ಲಿ. ಶಾಲೆ ಗೊತ್ತಾದ ಮೇಲೆಯೇ ಅದರ ಹತ್ತಿರ ಬಾಡಿಗೆ ಮನೆ ಹಿಡಿಯೋಣ ಅಂತಿದ್ದೇವೆ.

ಮಗಳು ಏಳನೇ ತರಗತಿಗೆ ಬರುತ್ತಾಳೆ. ಇಲ್ಲಿ ಓದಿದ್ದು ಕರ್ನಾಟಕ ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಪ್ರಕಾರ ಬೋರ್ಡ್ ಯಾವುದಿದ್ದರೂ ಮರಾಠಿ ಕಲಿಸಲೇಬೇಕು. ನನಗೆ ಜಾಸ್ತಿ ಚಿಂತೆ ಅದರದ್ದೇ. ಹಿಂದಿ ಬರುವುದರಿಂದ ಅಕ್ಷರ ಓದುತ್ತಾಳೆ, ಸರಿ. ಆದರೆ ವ್ಯಾಕರಣ, ನಿಬಂಧ? ಒಂದನೇ ತರಗತಿಯಿಂದ ಮರಾಠಿ ಓದಿದ ಮಕ್ಕಳ ನಡುವೆ ಕೂರಬೇಕು. ಹೊರರಾಜ್ಯದಿಂದ ಬಂದವರಿಗೆ ಬೇರೆ ಪಾಠ, ಸುಲಭದ ಪ್ರಶ್ನೆಪತ್ರಿಕೆ ಕೊಡುವ ಶಾಲೆ ಯಾವುದು? ಓದಿನಲ್ಲಿ ಚುರುಕಾದ ಹುಡುಗಿ, ಒಂದು ಭಾಷೆಯಿಂದ ಅವಳ ಧೈರ್ಯ ಕುಗ್ಗಬಾರದು ಅಲ್ವಾ.

ಮಗನಿಗೆ ಒಂದನೇ ತರಗತಿ. ಓಣಿಯಲ್ಲಿ ಆಡುತ್ತಲೇ ಕಲಿತುಬಿಡುತ್ತಾನೆ.

ಮುಂದೆಯೂ ವರ್ಗ ಆಗಬಹುದು, ಹಾಗಾಗಿ ಸಿಬಿಎಸ್‌ಇ ಸೇರಿಸಿದರೆ ವಾಸಿ ಅನಿಸುತ್ತದೆ. ಆದರೂ ಕನ್ನಡ ಸಂಘದ ಕಾವೇರಿ ಶಾಲೆಗಳ ಕಡೆಗೆ ಮನಸ್ಸು ಎಳೆಯುತ್ತದೆ. ಅಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಇದ್ದರೆ ದಯವಿಟ್ಟು ಹೇಳಿ, ಕನ್ನಡದ ವಾತಾವರಣ ಹೇಗಿದೆ? ವಾಕಡ್ ಅಥವಾ ಬಾಣೇರ್‌ನಲ್ಲಿ ಮನೆ ಮಾಡಿದರೆ ಬೆಳಗಿನ ಟ್ರಾಫಿಕ್‌ನಲ್ಲಿ ಬಸ್ಸಿಗೆ ಎಷ್ಟು ಹೊತ್ತು ಹಿಡಿಯುತ್ತದೆ? ಸಣ್ಣವನು ಒಂದು ಗಂಟೆ ಬಸ್ಸಿನಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ, ಶಾಲೆ ಎಷ್ಟೇ ಚೆನ್ನಾಗಿರಲಿ.

ಇನ್ನೊಂದು ಮಾತು. ಟಿಸಿ ಮೇಲೆ ಇಲ್ಲಿನ ಬಿಇಒ ಸಹಿಯನ್ನೂ ಹಾಕಿಸಿಕೊಂಡು ಬರಬೇಕಾ? ಇತ್ತೀಚೆಗೆ ಕರ್ನಾಟಕದಿಂದ ಬಂದವರು ತಿಳಿಸಿದರೆ ಈ ವಾರವೇ ಆ ಕೆಲಸ ಮುಗಿಸುತ್ತೇನೆ.