ಪದಚರ್ಚೆ: ‘ಪ್ಲಾಸೆಂಟಾ ದಾಟುವ ಸೋಂಕು’ – ಬಸುರಿಯರ ಫಲಕಕ್ಕೆ ಯಾವ ಪದ?

ಬದಿಯಡ್ಕದಿಂದ

ಬಲ್ಲವರಲ್ಲಿ ಅವಸರದ ಕೋರಿಕೆ. ಇಲ್ಲಿಯ ಒಂದು ಆರೋಗ್ಯ ಕೇಂದ್ರಕ್ಕೆ ಬಸುರಿಯರ ತಪಾಸಣೆಯ ಬಗ್ಗೆ ಕನ್ನಡ ಫಲಕ ಬೇಕು. ಸೋಮವಾರ ಅಚ್ಚಿಗೆ ಹೋಗಬೇಕು. ಮೂಲ ಮಲಯಾಳದ್ದು, ಅದರಲ್ಲಿ ಪ್ಲಾಸೆಂಟಾಕ್ಕೆ, ಎಂದರೆ ಬಸುರಿನಲ್ಲಿ ತಾಯಿಯಿಂದ ಮಗುವಿಗೆ ಪೋಷಣೆ ಒದಗಿಸಿ ಹೆರಿಗೆಯ ಮೇಲೆ ಹೊರಬೀಳುವ ಅಂಗಕ್ಕೆ, ‘ಮರುಪಿಳ್ಳ’ ಎಂದಿದೆ. ಮೊದಲು ಕರಡು ಮಾಡಿದವರು ಅದನ್ನೇ ಎತ್ತಿ ‘ಮರುಪಿಳ್ಳೆಯ ಮೂಲಕ ಸೋಂಕು ಹರಡುತ್ತದೆ’ ಎಂದು ಇಟ್ಟುಬಿಟ್ಟಿದ್ದಾರೆ. ನೆರೆಮನೆಯ ಅಜ್ಜಿಗೆ ಓದಿ ಹೇಳಿದೆ. ಕೈಯಲ್ಲಿದ್ದ ವೀಳ್ಯದೆಲೆ ಹಾಗೇ ಹಿಡಿದುಕೊಂಡು, ‘ಎರಡನೇ ಮಗುವಿನಿಂದ ರೋಗ ಬರುವುದಾ?’ ಎಂದು ಕೇಳಿದರು. ಫಲಕ ಓದಿದ ತಾಯಂದಿರಿಗೂ ಹೀಗೇ ಅನ್ನಿಸಿದರೆ ಏನು ಗತಿ!

‘ಜರಾಯು’ ಎನ್ನಲೇ, ‘ಮಾಸು’ ಎನ್ನಲೇ? ರೋಗಾಣು ಅದನ್ನು ‘ದಾಟುತ್ತದೆ’ ಎಂದರೆ ಸರಿಯೇ?

ಪುತ್ತೂರಿನಿಂದ

‘ಮಾಸು’ ಇರುವಾಗ ಸಂಶಯವೇಕೆ? ತೆಲುಗಿನ ‘ಮಾವಿ’, ‘ಮಾಯ’ ನೋಡಿ, ಒಂದೇ ಬಳ್ಳಿಯವು. ಹಸು ಕರು ಹಾಕಿದ ಮೇಲೆ ‘ಮಾಸು ಬಿತ್ತಾ?’ ಎಂದು ಕೇಳದ ಹಟ್ಟಿ ಇಲ್ಲ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹಿಡಿದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ, ಮಾಸು ಬೀಳದೆ ನಿಲ್ಲುತ್ತದೆ; ಸೋಂಕು ಮಾಸಿಗೆ ತಗಲುವುದು ನಮ್ಮ ರೈತರಿಗೆ ಹೊಸದಲ್ಲ. ‘ಜರಾಯು’ ಸಂಸ್ಕೃತದಲ್ಲಿ ಮೊದಲಿಗೆ ಭ್ರೂಣವನ್ನು ಸುತ್ತಿದ ಪೊರೆ. ಮೊಟ್ಟೆಯಿಂದ ಹುಟ್ಟಿದ್ದು ಅಂಡಜ, ಪೊರೆಯಿಂದ ಹುಟ್ಟಿದ್ದು ಜರಾಯುಜ ಎಂಬ ವಿಂಗಡಣೆ ಹುಟ್ಟಿದ್ದೇ ಹಾಗೆ. ಪೊರೆಯ ಹೆಸರನ್ನು ಮಾಸಿಗೆ ತಗಲಿಸುವ ಸಂಸ್ಕೃತದ ಚಟ ಬಿಡಿ.

ಬೆಂಗಳೂರಿನಿಂದ

‘ಮಾಸು’ ಎಂದರೆ ಇಂದಿನ ಹುಡುಗಿಯರಿಗೆ ಸೀರೆಯ ಬಣ್ಣ ಮಾಸಿದ್ದೇ ನೆನಪಾಗುವುದು. ಪತ್ರಿಕೆಗಳಲ್ಲಿ ಜರಾಯು ಬಳಕೆಯಲ್ಲಿದೆ. ಹಟ್ಟಿಯ ಮಾತು ಹೆರಿಗೆ ವಾರ್ಡಿಗೆ ಬೇಡ.

ಪುತ್ತೂರಿನಿಂದ

ಹಾಗಾದರೆ ‘ಕರುಳು’ ಎನ್ನುವುದನ್ನೂ ಬಿಟ್ಟುಬಿಡಿ, ಹಸುವಿಗೂ ಅದು ಇದೆಯಲ್ಲ.

ಬದಿಯಡ್ಕದಿಂದ

ಇಬ್ಬರಿಗೂ ನಮಸ್ಕಾರ. ಹಟ್ಟಿಯ ಮಾತೆಂದು ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಇಲ್ಲಿ ಕನ್ನಡದ ಫಲಕ ಎಂದರೆ ಮಲಯಾಳದ ಅನುವಾದವೇ. ಆಡುವ ಪದವನ್ನೂ ಕೈಬಿಟ್ಟರೆ ನಮಗೆ ಉಳಿಯುವುದು ಲಿಪಿ ಮಾತ್ರ. ಆದರೆ ‘ಮರುಪಿಳ್ಳ’ ಮಲಯಾಳದಲ್ಲಿ ಚೆಂದದ ಪದ, ಅದರ ಮೇಲೆ ನನಗೆ ಸಿಟ್ಟಿಲ್ಲ.

ಪುತ್ತೂರಿನವರ ‘ಪೊರೆ ಬೇರೆ, ಮಾಸು ಬೇರೆ’ ಎಂಬ ಮಾತೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಇ. ಕೋಲಿಯಂಥ ಬ್ಯಾಕ್ಟೀರಿಯಾ ಹೆಚ್ಚಾಗಿ ಯೋನಿಯಿಂದ ಗರ್ಭಕೊರಳಿನ ಮೂಲಕ ಮೇಲೇರಿ ಪೊರೆಯನ್ನೂ ನೀರಿನ ಚೀಲವನ್ನೂ ಸೇರುತ್ತವೆ. ಅವಕ್ಕೆ ಮಾಸಿನ ದಾರಿ ಬೇಕಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮತ್ತು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ರೋಗಾಣು ಹಾಗಲ್ಲ, ತಾಯಿಯ ರಕ್ತದಲ್ಲಿ ಬಂದು ಮಾಸಿಗೇ ಕೈ ಹಾಕುತ್ತವೆ. ಪೊರೆಗೂ ಮಾಸಿಗೂ ‘ಜರಾಯು’ ಎಂದರೆ ಎರಡು ದಾರಿಯೂ ಒಂದಾಗಿಬಿಡುತ್ತದೆ.

ಕ್ರಿಯಾಪದದ ಬಗ್ಗೆ ನನಗೆ ಇನ್ನೂ ಹಟವಿದೆ. ತಾಯಿಯ ರಕ್ತಕ್ಕೆ ತಾಗುವ ಮಾಸಿನ ಹೊರಪದರದಲ್ಲಿ ಕೋಶ ಕೋಶಗಳ ನಡುವೆ ಗಡಿಯೇ ಇಲ್ಲ, ಹೊಲಿಗೆಯಿಲ್ಲದ ಬಟ್ಟೆಯಂತೆ ಅದು ಒಂದೇ ಹಾಸು. ಬಹಳಷ್ಟು ಬ್ಯಾಕ್ಟೀರಿಯಾ ಅಲ್ಲೇ ಸೋಲುತ್ತವೆ. ಲಿಸ್ಟೀರಿಯಾ ತನ್ನ ಮೈಮೇಲಿನ ಇಂಟರ್ನಾಲಿನ್ ಎಂಬ ಪ್ರೋಟೀನುಗಳಿಂದ ಕೋಶಕ್ಕೆ ಅಂಟಿ ಒಳಹೊಕ್ಕು, ಅಲ್ಲಿಂದ ಪಕ್ಕದ ಕೋಶಕ್ಕೆ ತಳ್ಳಿಕೊಂಡು ಹೋಗುತ್ತದೆ. ಮಾಸು ಗರ್ಭಕೋಶದ ಗೋಡೆಗೆ ನಾಟಿಕೊಂಡ ಜಾಗದಲ್ಲಿ ಆ ಹಾಸು ಇಲ್ಲ, ಅಲ್ಲಿ ಅದಕ್ಕೆ ಸುಲಭ. ಇದನ್ನು ‘ದಾಟು’ ಎನ್ನಲು ಮನಸ್ಸು ಬಾರದು. ‘ನುಸುಳು’ ಎಂದರೆ ತಡೆಯಿದೆ ಎಂಬುದೂ ಕೇಳಿಸುತ್ತದೆ.

ಹಾಗಾದರೆ ‘ದಾಟು’ ಯಾರಿಗೆ? ಔಷಧಕ್ಕೆ. ಸಿಫಿಲಿಸ್‌ಗೆ ತಾಯಿಗೆ ಕೊಟ್ಟ ಪೆನಿಸಿಲಿನ್ ಮಾಸನ್ನು ದಾಟಿ ಮಗುವಿಗೂ ತಲಪುತ್ತದೆ. ಬಸುರಿನ ಮೊದಲ ತಿಂಗಳುಗಳಲ್ಲೇ ರಕ್ತ ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ.

ಅಜ್ಜಿಗೆ ನಿನ್ನೆ ಮತ್ತೆ ಓದಿ ಹೇಳಿದೆ. ‘ಮಾಸು’ ಎಂದ ಕೂಡಲೇ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದರು. ಅಚ್ಚಿಗೆ ಕೊಡುವ ಸಾಲು ಇದು:

‘ಕೆಲವು ರೋಗಾಣುಗಳು ತಾಯಿಯ ರಕ್ತದಿಂದ ಮಾಸಿನೊಳಗೆ, ಎಂದರೆ ಪ್ಲಾಸೆಂಟಾದೊಳಗೆ ನುಸುಳಿ ಮಗುವನ್ನು ಸೇರಬಲ್ಲವು. ಬೇಗ ಪರೀಕ್ಷೆ ಮಾಡಿಸಿಕೊಳ್ಳಿ; ತಾಯಿಗೆ ಕೊಡುವ ಮದ್ದು ಮಗುವಿಗೂ ಸಿಗುತ್ತದೆ.’

ತಿದ್ದುಪಡಿ ಇದ್ದರೆ ಭಾನುವಾರ ಸಂಜೆಯೊಳಗೆ ತಿಳಿಸಿ.