ಡಿಪ್ಪರ್ ಬೆಳಕು ನೆಲ ಹಿಡದೈತಿ, ಮೀಟರ್‌ನಾಗ ಲೆವೆಲಿಂಗ್ ಲೈಟ್ ಆರವಲ್ದು (ಹೈಬ್ರಿಡ್ ಸೆಡಾನ್)

ಮುಧೋಳ_ರೋಡ್
ಯಾರರ ದಾರಿ ಹೇಳ್ರಿ, ತಲಿ ಕೆಟ್ಟು ಹೋಗೈತಿ. ಮೀಟರ್‌ನಾಗ ಹೆಡ್‌ಲೈಟ್ ಚಿತ್ರದ ಬಾಜೂಕ ಮ್ಯಾಲ-ಕೆಳಗ ಬಾಣ ಇರೋ ಹಳದಿ ಲೈಟ್ (ಹೆಡ್‌ಲೈಟ್ ಬೆಳಕು ತಾನೇ ಏರಿಳಿಸೋ ಲೆವೆಲಿಂಗ್‌ದು) ಹತ್ತೇತಿ, ಆರವಲ್ದು. ಡಿಪ್ಪರ್ ಬೆಳಕು 20 ಮೀಟರ್ ದಾಟಂಗಿಲ್ಲ. ಅಪ್ಪರ್ ಹಾಕಿದ್ರ ಎದುರಿನವ್ರು ಬೈತಾರ. ಕಬ್ಬಿನ ಹಂಗಾಮ ಶುರು ಆಗೈತಿ, ಲೋಕಾಪುರ-ಯರಗಟ್ಟಿ ರಸ್ತೆದಾಗ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಒಂದು ರಿಫ್ಲೆಕ್ಟರೂ ಇಲ್ಲದ ಹೊಂಟಿರ್ತಾವ. ಗ್ಯಾರೇಜ್‌ನಾಗ ತೋರಿಸಿದ್ರ ಎರಡೂ ಹೆಡ್‌ಲೈಟ್ ಅಸೆಂಬ್ಲಿ ಬದಲಿ ಮಾಡ್ಬೇಕು ಅಂತಾರ. ಫ್ಯೂಸ್ ಎಲ್ಲಾ ಸರಿ ಅದಾವ. ಏನ್ ಮಾಡ್ಲಿ?

ಕ್ಯಾಂಪ್_ಬೆಳಗಾವಿ
ಇಷ್ಟು ಹೇಳಿದ್ರ ಸಾಲಂಗಿಲ್ರಿ. ಯಾವ ವರ್ಷದ ಗಾಡಿ? ಎಲ್‌ಇಡಿನೋ, ಎಚ್‌ಐಡಿನೋ (ಝೆನಾನ್)? ಎರಡೂ ಬದಿ ಒಂದೇ ಸಮ ಇಳದಾವೋ, ಒಂದೇ ಬದಿನೋ? ಸ್ಟೇರಿಂಗ್ ಹಂತ್ಯಾಕ ಮ್ಯಾಲ-ಕೆಳಗ ಮಾಡೋ ಸಣ್ಣ ಗಾಲಿ ಐತೋ, ಇಲ್ಲೋ? ಮುಖ್ಯ ಮಾತು: ಲೈಟ್ ಹತ್ತೋಕ್ಕಿಂತ ಮೊದ್ಲ ಗಾಡಿ ಮ್ಯಾಲ ಯಾವುದರ ಕೆಲಸ ಆಗಿತ್ತೇನು?

ಎರಡೂ ಬದಿ ಸಮ ಇಳದಿದ್ರ ಅಸೆಂಬ್ಲಿ ಮಾತ ಬಿಡ್ರಿ. ಬೆಳಕು ಏರಿಳಿಸೋ ಎರಡು ಮೋಟರ್ ಒಂದೇ ದಿನ ಒಂದೇ ಅಳತಿಗೆ ಕೆಡೂದಿಲ್ಲ. ತಪ್ಪು ಎರಡಕ್ಕೂ ಸೇರಿದ ಜಾಗದಾಗ ಐತಿ.

ಗುಮ್ಮಟ_586
12 ವೋಲ್ಟ್ ಬ್ಯಾಟರಿ ನೋಡ್ರಿ ಮೊದ್ಲ. ಹೈಬ್ರಿಡ್‌ದಾಗ ಇದೇ ದೊಡ್ಡ ಕಾಟ. ಎಂಜಿನ್ ತಿರುಗಿಸೋ ಕೆಲಸ ಹೈವೋಲ್ಟೇಜ್ ಬ್ಯಾಟರಿದು, 12 ವೋಲ್ಟಿಂದು ಬರೇ ಕಂಪ್ಯೂಟರ್ ಎಬ್ಬಿಸಿ ರಿಲೇ ಕೂಡಿಸೋದು. ಅದಕ್ಕ ಅದು ಸಾಯಾಕತ್ತಿದ್ರೂ ಸ್ಟಾರ್ಟಿಂಗ್‌ನಾಗ ಗೊತ್ತಾಗೂದಿಲ್ಲ, ಸಂಬಂಧ ಇಲ್ಲದ ವಾರ್ನಿಂಗ್ ಲೈಟ್ ಒಂದೊಂದೇ ಹತ್ತಾಕ ಶುರು ಮಾಡ್ತಾವ. ರಾತ್ರಿ ಬಿಟ್ಟು ಮುಂಜಾನೆ ಡಿಕ್ಕಿ ತಗದು ಅಳತಿ ಮಾಡ್ರಿ. 12.4ಕ್ಕಿಂತ ಕೆಳಗ ಇದ್ರ ಚಾರ್ಜ್ ಹಾಕಿ ಲೋಡ್ ಟೆಸ್ಟ್ ಮಾಡಸ್ರಿ.

ಮುಧೋಳ_ರೋಡ್
2016ರ ಗಾಡಿ, ಎಲ್‌ಇಡಿ, ಆಟೋ ಲೆವೆಲಿಂಗ್, ಗಾಲಿ ಇಲ್ಲ. ಎರಡೂ ಬದಿ ಸಮ ಇಳದಾವ. ಬ್ಯಾಟರಿ ಮುಂಜಾನೆ 12.6, ರೆಡಿ ಲೈಟ್ (ಗಾಡಿ ಓಡಾಕ ತಯಾರ ಅನ್ನೋದು) ಬಂದ ಮ್ಯಾಲ 14.1. ಲೈಟಿನ ಕೆಲಸ ಯಾವುದೂ ಮಾಡಿಸಿಲ್ಲ.

ಗುಮ್ಮಟ_586
ಬರೇ ವೋಲ್ಟೇಜ್ ನೋಡಿದ್ರ ನಡಿಯೂದಿಲ್ರಿ. 12.6 ತೋರಿಸಿ ಲೋಡ್ ಬಿದ್ದ ತಕ್ಷಣ 10ಕ್ಕ ಬೀಳೋ ಬ್ಯಾಟರಿ ಇರ್ತಾವ. ಬದಲಿ ಮಾಡೂದಾದ್ರ ಎಜಿಎಂ (ಆಸಿಡ್ ಚೆಲ್ಲದ ಸೀಲ್ ಬ್ಯಾಟರಿ) ಹಾಕ್ರಿ, ಗ್ಯಾಸ್ ಹೊರಗ ಹೋಗೋ ಪೈಪ್ ತಪ್ಪದ ಜೋಡಸ್ರಿ. ಡಿಕ್ಕಿ ಅಂದ್ರ ಗಾಡಿ ಒಳಗಿನ ಗಾಳಿನೇ.

ನವನಗರ_ವೈರಿಂಗ್
ಪೈಪಿನ ಮಾತು ಖರೆ. ಆದ್ರ ರೆಡಿದಾಗ 14.1 ಇರೋವಾಗ್ಲೂ ಲೈಟ್ ಹಂಗ ಉಳದೈತಿ ಅಂದ್ರ ಬ್ಯಾಟರಿ ಬಿಟ್ಟು ಮುಂದ ನಡೀಬೇಕು. ಆಗ ಕರೆಂಟ್ ಕೊಡೋದು ಹೈವೋಲ್ಟೇಜ್ ಇಳಿಸಿ 12 ವೋಲ್ಟ್ ಕಡೆ ಕೊಡೋ ಕನ್ವರ್ಟರ್.

ಕತ್ತಲಾದ ಮ್ಯಾಲ ಗ್ವಾಡಿ ಎದುರು ಗಾಡಿ ನಿಲ್ಲಿಸಿ, ಡಿಪ್ಪರ್ ಹಾಕಿಟ್ಟು ಪವರ್ ಆನ್ ಮಾಡ್ರಿ. ಇಂಥಾ ಬಹಳ ಗಾಡಿಗಳೊಳಗ ಬೆಳಕಿನ ಗೆರಿ (ಬೆಳಕು ಮುಗದು ಕತ್ತಲ ಶುರು ಆಗೋ ಅಂಚು) ಒಮ್ಮೆ ಕೆಳಗ ಹೋಗಿ ವಾಪಸ್ ಏರಿ ನಿಲ್ಲತೈತಿ. ಎರಡೂ ಬದಿ ಅಲುಗಾಡಿದ್ರ ಮೋಟರ್, ಅದರ ವೈರಿಂಗ್, ಲೆವೆಲಿಂಗ್ ಇಸಿಯು (ಅದನ್ನ ನಡಸೋ ಕಂಪ್ಯೂಟರ್) ಜೀವಂತ ಅದಾವ. ಆಮ್ಯಾಲ ಉಳಿಯೋದು ಹಿಂದಿನ ಹೈಟ್ ಸೆನ್ಸರ್.

ಅದು ಹಿಂದಿನ ಸಸ್ಪೆನ್ಷನ್ ಹಂತ್ಯಾಕ, ಬಾಡಿ ಕಡೆ ಬ್ರಾಕೆಟ್‌ಗೆ ಕುಂತಿರ್ತೈತಿ. ಅಂಗೈಯಷ್ಟು ಕರೀ ಡಬ್ಬಿ, ಅದರಿಂದ ಒಂದು ಪುಟ್ಟ ಲಿವರ್, ಲಿವರ್ ತುದಿಯಿಂದ ಲೋವರ್ ಆರ್ಮಿಗೆ ಒಂದು ಲಿಂಕ್ ರಾಡ್, ಎರಡೂ ತುದಿಗೆ ಬಾಲ್ ಜಾಯಿಂಟ್. ಡಿಕ್ಕಿದಾಗ ಸಾಮಾನು ಹೇರಿದ್ರ ಹಿಂಬದಿ ಕುಸೀತೈತಿ, ಮೂಗು ಏಳ್ತೈತಿ, ಸೆನ್ಸರ್ ಅದನ್ನ ಹೇಳ್ತೈತಿ, ಇಸಿಯು ಬೆಳಕು ಇಳಸ್ತೈತಿ. ನಮ್ಮ ಕಡೆ ಎರಿ ಮಣ್ಣು ಈ ಬಾಲ್ ಜಾಯಿಂಟಿಗೆ ಮೆತ್ತಿ ಒಣಗಿದ್ರ ಕಲ್ಲಾಗ್ತೈತಿ, ಲಿಂಕ್ ತಿರುಚಿ ಮುರೀತೈತಿ. ಮುರದೈತೋ, ಬಗ್ಗೈತೋ ಕಣ್ಣಲೆ ನೋಡ್ರಿ.

ಹುಕ್ಕೇರಿ_ನೈಟ್‌ಡ್ರೈವ್
ಇಷ್ಟೆಲ್ಲಾ ಯಾಕ? ಹೆಡ್‌ಲೈಟ್ ಹಿಂದ ಅಡ್ಜಸ್ಟಿಂಗ್ ಸ್ಕ್ರೂ ಇರ್ತೈತಿ. ಉದ್ದನ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುವಿ ಬೆಳಕು ಎತ್ತಿಬಿಡ್ರಿ, ಐದು ನಿಮಿಷದ ಕೆಲಸ.

ನವನಗರ_ವೈರಿಂಗ್
ದಯಮಾಡಿ ಹಂಗ ಮಾಡಬ್ಯಾಡ್ರಿ. ಈಗ ಸ್ಕ್ರೂದಿಂದ ಎತ್ತಿ, ನಾಳೆ ಸೆನ್ಸರ್ ಸರಿ ಆದ್ರ ಬೆಳಕು ಸೀದಾ ಎದುರಿನ ಬೈಕಿನವನ ಕಣ್ಣಿಗೆ ಹೋಗ್ತೈತಿ. ಗಾಡಿ ಲೈಟ್ ಜೋಡಣೆಗೆ ಇರೋ ವಿಶ್ವಸಂಸ್ಥೆಯ ಆರ್48 ನಿಯಮದಾಗ, ಲೆವೆಲಿಂಗ್ ಕೆಟ್ಟರ ಕೆಟ್ಟ ಹೊತ್ತಿನಾಗ ಇದ್ದದ್ದಕ್ಕಿಂತ ಡಿಪ್ಪರ್ ಮ್ಯಾಲ ಏರಬಾರ್ದು ಅಂತ ಐತಿ. ಅದಕ್ಕ ಬೆಳಕು ಕೆಳಗ ಉಳೀತೈತಿ.

ಹುಕ್ಕೇರಿ_ನೈಟ್‌ಡ್ರೈವ್
ನಿಯಮ ನೋಡ್ಕೋತ ಕುಂತ್ರ ಆ ಟ್ರ್ಯಾಕ್ಟರ್ ಯಾರಿಗೆ ಕಾಣ್ಬೇಕ್ರಿ? 80ರ ವೇಗದಾಗ ಸೆಕೆಂಡಿಗೆ 22 ಮೀಟರ್ ಹೋಗ್ತೀವಿ. 20 ಮೀಟರ್ ಬೆಳಕಂದ್ರ ಬ್ರೇಕ್ ಮ್ಯಾಲ ಕಾಲು ಇಡೂದ್ರಾಗ ಮುಗೀತೈತಿ.

ಕ್ಯಾಂಪ್_ಬೆಳಗಾವಿ
ಅದಕ್ಕ ಸರಿ ಆಗೋತನ ರಾತ್ರಿ 40 ದಾಟಬ್ಯಾಡ್ರಿ, ಆದಷ್ಟು ಹಗಲ ಓಡಸ್ರಿ. ಸ್ಕ್ರೂ ಮುಟ್ಟಬ್ಯಾಡ್ರಿ. ಇಬ್ಬರೂ ಜಗಳ ಸಾಕು.

ಮುಧೋಳ_ರೋಡ್
ಎರಡೂ ಬದಿ ಗೆರಿ ಕೆಳಗ ಹೋಗಿ ತುಸು ಮ್ಯಾಲ ಬಂದು ನಿಂತ್ವು. ಲಿಂಕ್ ಮುರದಿಲ್ಲ, ಎರಡೂ ತುದಿಗೆ ಕುಂತೈತಿ. ಸ್ಕ್ಯಾನರ್‌ದಾಗ ಹೈಟ್ ಸೆನ್ಸರ್ ಕೋಡ್ ಬಂತು. ಹೊಸಾ ಸೆನ್ಸರ್ ತರಸ್ಲೇನು?

ನವನಗರ_ವೈರಿಂಗ್
ಇಲ್ರಿ, ತಡೀರಿ. ಕೋಡ್ ಅಂದ್ರ ಆ ಸರ್ಕಿಟ್‌ದಾಗ ತಪ್ಪೈತಿ ಅಂತ, ಸೆನ್ಸರೇ ಸತ್ತೈತಿ ಅಂತಲ್ಲ. ಮಲ್ಟಿಮೀಟರ್ ತಗೋರಿ. ಕನೆಕ್ಟರ್ ಬಿಚ್ಚಬ್ಯಾಡ್ರಿ, ಹಿಂದಿನಿಂದ ಸೂಜಿ ಚುಚ್ಚಿ ಅಳತಿ ಮಾಡ್ರಿ. ಮೂರು ವೈರ್: ಒಂದರಾಗ 5 ವೋಲ್ಟ್ ಸಪ್ಲೈ, ಒಂದು ಅರ್ಥ್, ಒಂದು ಸಿಗ್ನಲ್. ಗಾಡಿ ಖಾಲಿ ನಿಂತಾಗ ಸಿಗ್ನಲ್ ನಡುವಿನ ಸುಮಾರು ಅಂದ್ರ 2.5ರ ಆಸುಪಾಸು ಇರಬೇಕು. 0.5ಕ್ಕಿಂತ ಕೆಳಗ ಇಲ್ಲಾ 4.5ಕ್ಕಿಂತ ಮ್ಯಾಲ ಹೋದ್ರ ಇಸಿಯು ಅದನ್ನ ನಂಬೂದಿಲ್ಲ.

ಆಮ್ಯಾಲ ಲಿಂಕಿನ ಕೆಳಗಿನ ನಟ್ ತಗದು ಲಿವರ್ ಕೈಲೆ ನಿಧಾನಕ ಮ್ಯಾಲ-ಕೆಳಗ ಮಾಡ್ರಿ. ವೋಲ್ಟೇಜ್ ಎಲ್ಲೂ ಜಿಗೀದ ಏರಿಳೀಬೇಕು. ನಡುವ ಒಮ್ಮೆಲೆ 0 ಆದ್ರ ಒಳಗ ಸವದೈತಿ, ಆಗ ಸೆನ್ಸರ್ ಬದಲಿ.

ಈ ಇಡೀ ಕೆಲಸ 12 ಮತ್ತು 5 ವೋಲ್ಟಿಂದು. ಕೇಸರಿ ಬಣ್ಣದ ಹೈವೋಲ್ಟೇಜ್ ಕೇಬಲ್ ಕಡೆ ಕೈ ಒಯ್ಯೋ ಕಾರಣನೇ ಇಲ್ಲ. ಗಾಡಿ ಕೆಳಗ ಹೋಗೂದಾದ್ರ ರ‍್ಯಾಂಪ್ ಇಲ್ಲಾ ಸ್ಟ್ಯಾಂಡ್ ಬೇಕೇ ಬೇಕು, ಬರೇ ಜಾಕ್ ನಂಬಬ್ಯಾಡ್ರಿ. ಹೈಬ್ರಿಡ್ ಸದ್ದಿಲ್ಲದ ರೆಡಿದಾಗ ಇರ್ತೈತಿ, ಕೀ ದೂರ ಇಡ್ರಿ.

ಮುಧೋಳ_ರೋಡ್
ಸಪ್ಲೈ 4.98. ಅರ್ಥ್ ಸರಿ. ಸಿಗ್ನಲ್ 4.7, ಡಿಕ್ಕಿ ಒತ್ತಿದ್ರೂ ಅಲುಗಾಡವಲ್ದು. ಲಿಂಕ್ ತಗದು ಕೈಲೆ ಆಡಿಸಿದ್ರ 0.4ರಿಂದ 4.7ತನ ಚಂದ ಹೋಗಿ ಬರ್ತೈತಿ.

ಕ್ಯಾಂಪ್_ಬೆಳಗಾವಿ
ಹಂಗಾದ್ರ ಸೆನ್ಸರ್ ಗಟ್ಟಿ ಐತಿ, ಲಿವರ್ ಇರಬಾರದ ಕಡೆ ಹೋಗೈತಿ. ಮತ್ತೊಮ್ಮೆ ಕೇಳ್ತೀನಿ: ಹಿಂದಿನ ಸಸ್ಪೆನ್ಷನ್ ಬಿಚ್ಚಿದ್ರೇನು?

ಮುಧೋಳ_ರೋಡ್
ಹೌದು, ಹಿಂದ ಸ್ಪ್ರಿಂಗಿಗೆ ಸ್ಪೇಸರ್ (ಎತ್ತರ ಮಾಡೋ ತುಂಡು) ಹಾಕ್ಸೇನಿ. ಹಂಪ್‌ಗೆ ಹೊಟ್ಟಿ ತಾಗ್ತಿತ್ತು. ಹಿಂಬದಿ 25 ಮಿಮೀ ಎದ್ದೈತಿ. ಅದು ಸಸ್ಪೆನ್ಷನ್ ಕೆಲಸ, ಲೈಟಿಗೆ ಏನ್ ಸಂಬಂಧ ಅಂತ ಬರೀಲಿಲ್ಲ.

ನವನಗರ_ವೈರಿಂಗ್
ಸಂಬಂಧ ಪೂರ್ತಿ ಅಲ್ಲೇ ಐತ್ರಿ.

ಸ್ಪೇಸರ್ ಕೂಡಿಸಬೇಕಂದ್ರ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತಗದು ಲೋವರ್ ಆರ್ಮ್ ಕೆಳಗ ಜಗ್ಗತಾರ. ಗಾಲಿ ಎಷ್ಟು ಜೋತು ಬೀಳಬೇಕು ಅಂತ ತಡಿಯೋದು ಶಾಕ್‌ನ ಉದ್ದ. ಅದನ್ನ ಬಿಚ್ಚಿದ್ರ ಆರ್ಮ್ ಮಿತಿ ಮೀರಿ ಇಳೀತೈತಿ. ಸೆನ್ಸರ್ ಲಿಂಕ್ ಮೊದ್ಲ ತಗೀದಿದ್ರ ಲಿವರ್ ಮತ್ತ ಲಿಂಕ್ ಒಂದೇ ಗೆರಿಗೆ ಬಂದು, ಆರ್ಮ್ ವಾಪಸ್ ಎತ್ತುವಾಗ ಲಿವರ್ ಉಲ್ಟಾ ಮಗ್ಗಲಕ ಮಗಚ್ತೈತಿ, ಕೊಡಿ ಗಾಳಿಗೆ ಉಲ್ಟಾ ಆದಂಗ. ಎಲ್ಲಾ ಜೋಡಿಸಿದಂಗ ಕಾಣ್ತೈತಿ, ಯಾವುದೂ ಮುರದಿರೂದಿಲ್ಲ, ಸಿಗ್ನಲ್ ಮಾತ್ರ ತುದಿಗೆ ಅಂಟಿರ್ತೈತಿ.

ಗಾಡಿ ತೂಕ ನಾಕೂ ಗಾಲಿ ಮ್ಯಾಲ ಇರೋವಾಗ ಲಿಂಕಿನ ಒಂದು ನಟ್ ತಗೀರಿ, ಲಿವರ್ ಸರಿ ಮಗ್ಗಲಕ ತಿರುವಿ ಮತ್ತ ಹಾಕ್ರಿ. ನಟ್ ಸಣ್ಣದು, ಲಿವರ್ ಪ್ಲಾಸ್ಟಿಕ್. ಉದ್ದನ ಪಾನಾ ಹಾಕಿ ಜಗ್ಗಿದ್ರ ಸೀಳ್ತೈತಿ. ಸಿಗ್ನಲ್ 2ರಿಂದ 3ರ ನಡುವ ಬರಬೇಕು.

ಕ್ಯಾಂಪ್_ಬೆಳಗಾವಿ
ಅದರ ನಂತರ ಸ್ಕ್ಯಾನರ್‌ಲೆ ಝೀರೋ ಪಾಯಿಂಟ್ ಇನಿಶಿಯಲೈಸ್ (ಈಗಿನ ನಿಲುವೇ ಸಮ ಅಂತ ಇಸಿಯುಗೆ ಕಲಿಸೋದು) ಮಾಡಸ್ರಿ. ಡಿಕ್ಕಿ ಖಾಲಿ, ಟೈರ್ ಗಾಳಿ ಸರಿ, ಮಾಡುವಾಗ ಬಾಗಿಲಾ ತಗ್ಯೋದು, ಹತ್ತೋದು-ಇಳಿಯೋದು ಇಲ್ಲ.

ನವನಗರ_ವೈರಿಂಗ್
ಸ್ಪೇಸರ್ ಇದ್ದಾಗ ಇನಿಶಿಯಲೈಸ್ ಮಾಡಬ್ಯಾಡ್ರಿ ಅಂತೀನಿ. ಲೆಕ್ಕ ನೋಡ್ರಿ: ಗಾಲಿ ನಡುವಿನ ಅಂತರ ಸುಮಾರು 2.78 ಮೀಟರ್, ಹಿಂಬದಿ 25 ಮಿಮೀ ಎದ್ದ್ರ ಮೂಗು 0.9% ಬಾಗ್ತೈತಿ. ಲ್ಯಾಂಪ್ 65 ಸೆಂಮೀ ಎತ್ತರ ಇದ್ರ 1% ಇಳಿಜಾರಿಗೆ ಬೆಳಕು 65 ಮೀಟರ್ ಹೋಗ್ತೈತಿ, ಅದಕ್ಕ 0.9 ಕೂಡಿ 1.9% ಆದ್ರ ಬರೇ 34. ಲಿವರ್ ಸರಿ ಇದ್ರ ಇಸಿಯು ಇದನ್ನ ತಾನೇ ಸರಿ ಮಾಡ್ಕೋತೈತಿ. ಇನಿಶಿಯಲೈಸ್ ಮಾಡಿದ್ರ ಬಾಗಿದ್ದನ್ನೇ ಸಮ ಅಂತ ತಿಳಕೋತೈತಿ.

ಕ್ಯಾಂಪ್_ಬೆಳಗಾವಿ
ತಾನೇ ಸರಿ ಮಾಡ್ಕೊಂಡ್ರ ಮೋಟರ್ ಬೆಳಕು ಮ್ಯಾಲ ಎತ್ತೋ ಓಟ ಅಷ್ಟು ಖರ್ಚಾದಂಗ. ಇನಿಶಿಯಲೈಸ್ ಮಾಡಿ, ಆಮ್ಯಾಲ ಸ್ಕ್ರೂದಿಂದ ಗೆರಿ ಕೂಡಿಸಿದ್ರ ಓಟ ಎರಡೂ ಕಡೆ ಉಳೀತೈತಿ. ಸ್ಕ್ರೂ ಮುಟ್ಟೋ ಹೊತ್ತು ಇದು.

ಗುಮ್ಮಟ_586
ಸ್ಪೇಸರೇ ತಗದು ಒಗೀರಿ, ಇಬ್ಬರ ವಾದಾನೂ ಮುಗೀತದ. ಮತ್ತ ಬ್ಯಾಟರಿ ಲೋಡ್ ಟೆಸ್ಟ್ ಮರೀಬ್ಯಾಡ್ರಿ.

ಮುಧೋಳ_ರೋಡ್
ಲಿವರ್ ಖರೇನೇ ಉಲ್ಟಾ ಬಿದ್ದಿತ್ತು. ತಿರುವಿ ಹಾಕಿದೆ. ಸಿಗ್ನಲ್ 2.2, ಡಿಕ್ಕಿ ಒತ್ತಿದ್ರ ಅಲುಗಾಡ್ತೈತಿ. ಪವರ್ ಆಫ್ ಮಾಡಿ ಆನ್ ಮಾಡಿದ ಮ್ಯಾಲ ಮೀಟರ್ ಲೈಟ್ ಹೋತು. ಇನಿಶಿಯಲೈಸ್ ಇನ್ನೂ ಮಾಡಿಲ್ಲ. ಗೆರಿ ಎಲ್ಲಿ ಇರಬೇಕು?

ನವನಗರ_ವೈರಿಂಗ್
ಗ್ವಾಡಿಯಿಂದ ಲ್ಯಾಂಪಿಗೆ 10 ಮೀಟರ್. ಲ್ಯಾಂಪ್ ನಡುವಿನ ಎತ್ತರ ಗ್ವಾಡಿ ಮ್ಯಾಲ ಗುರುತು ಮಾಡಿ, ಅದಕ್ಕಿಂತ 10 ಸೆಂಮೀ ಕೆಳಗ ಟೇಪ್ ಹಚ್ರಿ. ಗೆರಿಯ ಸಪಾಟ ಭಾಗ ಅಲ್ಲಿ ಕೂಡಬೇಕು. ಲ್ಯಾಂಪ್ ಮ್ಯಾಲ 1.0% ಬಿಟ್ಟು ಬ್ಯಾರೆ ಅಂಕಿ ಅಚ್ಚು ಹಾಕಿದ್ರ ಅದನ್ನೇ ಹಿಡೀರಿ, 1.3% ಇದ್ರ 13 ಸೆಂಮೀ. ಪೆಟ್ರೋಲ್ ಪಂಪ್ ನೆಲ ನಂಬಬ್ಯಾಡ್ರಿ, ನೀರು ಹರೀಲಿ ಅಂತ ಇಳುಕಲು ಕೊಟ್ಟಿರ್ತಾರ. ಗೌಂಡಿಯವರ ಲೆವೆಲ್ ಪೈಪಿಗೆ ನೀರು ತುಂಬಿ ಮುಂದಿನ-ಹಿಂದಿನ ಗಾಲಿ ಹಂತ್ಯಾಕ, ಗ್ವಾಡಿ ಬುಡಕ್ಕ ಹಿಡದು ನೋಡ್ರಿ.

ಹುಕ್ಕೇರಿ_ನೈಟ್‌ಡ್ರೈವ್
ಇದಾದ ಮ್ಯಾಲೂ ಬೆಳಕು ಸಾಲದಿದ್ರ ಹಳದಿ ಫಾಗ್ ಹಾಕ್ರಿ. ನನ್ನ ಗಾಡಿಗೆ 3000ಕೆ ಹಳದಿ ಜೋಡಿ, ಬ್ಯಾರೆ ರಿಲೇ, 15 ಆಂಪಿಯರ್ ಫ್ಯೂಸ್, ದಪ್ಪ ತಾಮ್ರದ ವೈರ್. ನಿಪ್ಪಾಣಿ ಕಡೆ ಮಂಜಿನಾಗ ರಸ್ತೆ ಅಂಚಿನ ಬಿಳಿ ಗೆರಿ ಅಚ್ಚುಕಟ್ಟ ಕಾಣ್ತಾವ.

ಗುಮ್ಮಟ_586
15 ಆಂಪಿಯರ್ ಯಾಕ್ರಿ? 55 ವಾಟ್‌ನ ಎರಡಕ್ಕ 9ರಿಂದ 10 ಆಂಪಿಯರ್ ಆಗ್ತದ, ಎಲ್‌ಇಡಿ ಇದ್ರ ಇನ್ನೂ ಕಡಿಮಿ. ಎಷ್ಟು ವಾಟ್ ಅವು?

ಕೊಲ್ಹಾರ_ಸೇತುವೆ
ನಡುವ ಬಂದದ್ದಕ್ಕ ಕ್ಷಮಿಸ್ರಿ. ನನಗೂ ಇದೇ ಲೈಟ್, ಆದ್ರ ಲಿಂಕಿನ ಕೆಳಗಿನ ಬಾಲ್ ತುಕ್ಕು ಹಿಡದು ಕಿತ್ತು ಬಂದದ. ಬರೇ ಲಿಂಕ್ ಸಿಗವಲ್ದು, ಸೆನ್ಸರ್ ಸಮೇತ ತಗೋರಿ ಅಂತಾರ. ಬ್ಯಾರೆ ಲಿಂಕ್ ಮಾಡಿಸಬಹುದೇನ್ರಿ?

ನವನಗರ_ವೈರಿಂಗ್
ಮಾಡಿಸಬಹುದು. ಹಳೇ ಲಿಂಕಿನ ಉದ್ದ ಬಾಲ್ ನಡುವಿನಿಂದ ಬಾಲ್ ನಡುವಿಗೆ ಅಳತಿ ಮಾಡ್ರಿ, ವರ್ನಿಯರ್‌ಲೆ. ಎರಡೂ ತುದಿಗೆ ಬಾಲ್ ಜಾಯಿಂಟ್ ಇರೋ, ಥ್ರೆಡ್ ರಾಡಿನ ಲಿಂಕ್ ತಗೊಂಡು ಅದೇ ಉದ್ದಕ್ಕ ಕೂಡಿಸಿ ಚೆಕ್ ನಟ್ ಬಿಗೀರಿ. ವೆಲ್ಡಿಂಗ್ ಮಾಡಿಸಬ್ಯಾಡ್ರಿ, ಬಾಲಿನ ಪ್ಲಾಸ್ಟಿಕ್ ಕಪ್ ಕರಗತೈತಿ. ರಬ್ಬರ್ ಬೂಟ್ ಇರೋದನ್ನೇ ಆರಿಸ್ರಿ. ಲಿವರ್ ಯಾವ ಮಗ್ಗಲಕ ಐತಿ ಅಂತ ಬಿಚ್ಚೂಕ್ಕಿಂತ ಮೊದ್ಲ ಫೋಟೋ ಹೊಡದು ಇಲ್ಲಿ ಹಾಕ್ರಿ.